ಕಾವಲು ಯಾರ ಪಾಲಿಗೆ?

ನಮ್ಮಲ್ಲಿ ಯಾವ ಅನಾಹುತ ನಡೆದರೂ ಮೊದಲ ಉಪದೇಶ ಸಿಗುವುದು ಕಳಕೊಂಡವರಿಗೆ. ಕಳಕೊಂಡವಳು ಹೆಂಗಸಾದರೆ ಉಪದೇಶ ಎರಡು ಪಟ್ಟು. ಬೀದಿಯಲ್ಲಿ ಕತ್ತಿನ ಸರ ಕಿತ್ತುಕೊಂಡು ಹೋದರೆ, ‘ಚಿನ್ನ ಹಾಕಿಕೊಂಡು ಯಾಕೆ ಹೋಗಬೇಕಿತ್ತು?’ ಬಸ್ಸಿನಲ್ಲಿ ಪರ್ಸು ಹೋದರೆ, ‘ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಳ್ಳಬಾರದಿತ್ತೇ?’ ಈಗ ಫೋನಿನ ದಾರಿಯಾಗಿ ಬ್ಯಾಂಕಿನ ಹಣ ಹೋದರೆ, ‘ಗುರುತಿಲ್ಲದವರ ಕರೆ ಯಾಕೆ ತೆಗೆದಿರಿ?’ ಕಳ್ಳನ ವಿಚಾರಣೆ ಆಮೇಲೆ, ನಡೆದರೆ ನಡೆಯಿತು. ಕಳಕೊಂಡವಳ ವಿಚಾರಣೆ ಮಾತ್ರ ಅದೇ ದಿನ ಅಡುಗೆಮನೆಯಿಂದಲೇ ಸುರುವಾಗುತ್ತದೆ.

ದೇಶದ ಸೈಬರ್ ಭದ್ರತೆ ಎಂದ ಕೂಡಲೇ ಅದು ದೆಹಲಿಯ ದೊಡ್ಡವರ, ಬೆಂಗಳೂರಿನ ಎಂಜಿನಿಯರುಗಳ ವಿಷಯ, ನಮಗೆ ಸಂಬಂಧಿಸಿದ್ದಲ್ಲ ಎಂದು ಪುಟ ಮಗುಚುವವರಿದ್ದಾರೆ. ಸರಕಾರವೂ ಖಾಸಗಿ ಕಂಪನಿಗಳೂ ಕೈಜೋಡಿಸಬೇಕು ಎಂಬ ಭಾಷಣವಂತೂ ಎಲ್ಲ ಸಮ್ಮೇಳನಗಳಲ್ಲೂ ಇದ್ದದ್ದೇ. ಕೈಜೋಡಿಸಿದ ಫೋಟೋ ಮರುದಿನ ಪತ್ರಿಕೆಯಲ್ಲಿ ಬರುತ್ತದೆ. ಆದರೆ ಈ ಜೋಡಿಸಿದ ಕೈಗಳಲ್ಲಿ ಬೀಗದ ಕೈ ಯಾರದರಲ್ಲಿದೆ, ರಾತ್ರಿಯಿಡೀ ಎಚ್ಚರವಿರಬೇಕಾದ ಕಣ್ಣು ಯಾರದು ಎಂದು ಕೇಳಿದರೆ ಸಭೆ ಸುಮ್ಮನಾಗುತ್ತದೆ. ನನ್ನ ತಕರಾರು ಇರುವುದು ಅಲ್ಲಿಯೇ.

ಸರಕಾರವೊಂದರಿಂದಲೇ ಇದು ಆಗುವುದಿಲ್ಲ ಎಂಬುದನ್ನು ಮೊದಲಿಗೇ ಒಪ್ಪುತ್ತೇನೆ. 2022ರ ನವೆಂಬರ್ 23ರಂದು ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರುಗಳು ದಾಳಿಗೆ ಸಿಕ್ಕಿ ಸ್ತಬ್ಧವಾದುವು. ದೇಶದ ಅತಿ ದೊಡ್ಡ ಸರಕಾರಿ ಆಸ್ಪತ್ರೆಗಳಲ್ಲೊಂದು ಸುಮಾರು ಎರಡು ವಾರ ಹೊರರೋಗಿಗಳ ಚೀಟಿಯಿಂದ ಹಿಡಿದು ಪ್ರಯೋಗಾಲಯದ ವರದಿಯವರೆಗೆ ಎಲ್ಲವನ್ನೂ ಕೈಯಲ್ಲಿ ಬರೆಯಬೇಕಾಯಿತು. ಹಾಗಾದರೆ ಖಾಸಗಿಯವರು ಸುರಕ್ಷಿತರೇ? ಅದೂ ಇಲ್ಲ. 2024ರಲ್ಲಿ ದೊಡ್ಡ ಆರೋಗ್ಯ ವಿಮಾ ಕಂಪನಿಯೊಂದರ ಗ್ರಾಹಕರ ವಿಳಾಸ, ಕಾಯಿಲೆ, ಪರೀಕ್ಷಾ ವರದಿಗಳೆಲ್ಲ ಟೆಲಿಗ್ರಾಂನಲ್ಲಿ ಕೇಳಿದವರ ಕೈಗೆ ಸಿಗುವಂತಾಯಿತು. ನಮ್ಮ ಫೋನಿನ ಕಂಬ ಒಂದು ಕಂಪನಿಯದು, ಬ್ಯಾಂಕು ಇನ್ನೊಬ್ಬರದು, ಹಣ ಕಳಿಸುವ ಆ್ಯಪು ಮತ್ತೊಬ್ಬರದು, ಪೊಲೀಸು ರಾಜ್ಯದ್ದು, ಕಾನೂನು ಕೇಂದ್ರದ್ದು. ಕಳ್ಳ ಮಾತ್ರ ಈ ಐದೂ ಮನೆಗಳ ಅಂಗಳವನ್ನು ಒಂದೇ ನಡಿಗೆಯಲ್ಲಿ ದಾಟಿ ಹೋಗುತ್ತಾನೆ. ಆದ್ದರಿಂದ ಐದೂ ಮನೆಯವರು ಮಾತಾಡಿಕೊಳ್ಳಲೇ ಬೇಕು.

ಮಾತಾಡಿಕೊಳ್ಳದೆ ಇದ್ದರೆ ಏನಾಗುತ್ತದೆ ಎಂಬುದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ನಮ್ಮ ಶಾಲೆಯಲ್ಲಿ ಬಹುಕಾಲ ಹಿಂದಿ ಕಲಿಸಿ ನಿವೃತ್ತರಾದ ಟೀಚರೊಬ್ಬರಿದ್ದಾರೆ. ಗಂಡ ತೀರಿಕೊಂಡಿದ್ದಾರೆ, ಮಗಳು ದೂರದ ಊರಿನಲ್ಲಿ. ಒಂದು ಬೆಳಿಗ್ಗೆ ಅವರಿಗೆ ಫೋನು ಬಂತು. ನಿಮ್ಮ ಆಧಾರ್ ನಂಬರಿನಲ್ಲಿ ಕಳಿಸಿದ ಪಾರ್ಸೆಲ್ಲಿನಲ್ಲಿ ಮಾದಕ ವಸ್ತು ಸಿಕ್ಕಿದೆ, ಮುಂಬಯಿ ಪೊಲೀಸರು ಮಾತಾಡುತ್ತಾರೆ ಎಂದರು. ಅನಂತರ ವಿಡಿಯೋ ಕರೆ. ಸಮವಸ್ತ್ರ, ಹಿಂದೆ ಗೋಡೆಯ ಮೇಲೆ ಲಾಂಛನ, ಮೇಜಿನ ಮೇಲೆ ಕಡತ. ನೀವು ‘ಡಿಜಿಟಲ್ ಅರೆಸ್ಟ್’ ಆಗಿದ್ದೀರಿ, ಫೋನು ಇಡಬಾರದು, ಯಾರಿಗೂ ಹೇಳಬಾರದು. ಎರಡು ದಿನ ಅವರು ಸರಿಯಾಗಿ ಊಟ ಮಾಡಲಿಲ್ಲ. ರಾತ್ರಿ ಫೋನನ್ನು ದಿಂಬಿನ ಪಕ್ಕ ತೆರೆದಿಟ್ಟೇ ಮಲಗಿದರು. ಮೂರನೆಯ ದಿನ ತಾವೇ ಬ್ಯಾಂಕಿಗೆ ನಡೆದುಹೋಗಿ, ನಿವೃತ್ತಿಯಾದಾಗ ಬಂದ ಹಣದ ಠೇವಣಿಯನ್ನು ಅವಧಿಗೆ ಮೊದಲೇ ಮುರಿಸಿ, ಹೇಳಿದ ಖಾತೆಗೆ 9 ಲಕ್ಷ ಕಳಿಸಿ ಬಂದರು. ‘ತನಿಖೆ ಮುಗಿದ ಮೇಲೆ ವಾಪಸು ಬರುತ್ತದೆ’ ಎಂದಿದ್ದನಂತೆ ಆ ಪುಣ್ಯಾತ್ಮ.

ಡಿಜಿಟಲ್ ಅರೆಸ್ಟ್ ಎಂಬುದು ನಮ್ಮ ಯಾವ ಕಾನೂನಿನಲ್ಲೂ ಇಲ್ಲ. ಹಿಂದಿ ಟೀಚರಿಗೆ ಇದು ಗೊತ್ತಿರಬೇಕಿತ್ತು ಎನ್ನುವವರು ಒಂದು ಮಾತು ನೆನಪಿಡಬೇಕು. ಜನ್ಮದಲ್ಲಿ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತದ, ಹಾಜರಿ ಪುಸ್ತಕದಲ್ಲಿ ಒಂದು ದಿನ ತಡವಾಗಿ ಸಹಿ ಮಾಡದ ಹೆಂಗಸರೇ ಸಮವಸ್ತ್ರಕ್ಕೆ ಹೆಚ್ಚು ಹೆದರುವವರು. ನಾವು ಮರ್ಯಾದೆಗೆ ಅಂಜಬೇಕೆಂದು ಅರುವತ್ತು ವರ್ಷ ಕಲಿಸಿದ ಸಮಾಜವೇ, ಅಂಜಿದ್ದಕ್ಕಾಗಿ ಈಗ ನಗುತ್ತದೆ.

ಹಣ ಹೋದ ಮೇಲೆ ನಡೆದದ್ದೇ ಹೆಚ್ಚು ಕಲಿಯಬೇಕಾದ ಪಾಠ. ಬ್ಯಾಂಕಿನಲ್ಲಿ, ‘ನೀವೇ ಬಂದು ಸಹಿ ಹಾಕಿ ಕಳಿಸಿದ್ದಲ್ವಾ ಟೀಚರೇ, ನಾವೇನು ಮಾಡಲಿ?’ ಎಂದರು. ಹೌದು, ಅವರೇ ಬಂದಿದ್ದರು. ಗಾಬರಿಯಿಂದ ಬಿಳಚಿದ ಮುಖದ ಅರುವತ್ತು ದಾಟಿದ ಹೆಂಗಸೊಬ್ಬಳು, ಇಪ್ಪತ್ತು ವರ್ಷಗಳಿಂದ ವ್ಯವಹಾರವಿರುವ ಶಾಖೆಗೆ ಬಂದು, ಬಡ್ಡಿ ಬಿಟ್ಟು ಠೇವಣಿ ಮುರಿದು, ಎಂದೂ ಹೆಸರು ಕೇಳದ ಊರಿನ ಖಾತೆಗೆ ಕಳಿಸುವಾಗ ‘ಯಾರಿಗೆ ಟೀಚರೇ ಇದು?’ ಎಂದು ಒಂದು ಮಾತು ಕೇಳುವ ಜವಾಬ್ದಾರಿ ಯಾರದೂ ಆಗಿರಲಿಲ್ಲ. ಕೇಳಿದವರಿದ್ದಾರೆ. ಕೌಂಟರಿನಲ್ಲಿ ಕುಳಿತವರ ಅನುಮಾನದಿಂದಲೇ ಹಿರಿಯರ ಹಣ ಉಳಿದ ಸುದ್ದಿಗಳನ್ನು ನಾವೆಲ್ಲ ಪತ್ರಿಕೆಯಲ್ಲಿ ಓದಿದ್ದೇವೆ. ಆದರೆ ಅದು ಆ ಒಬ್ಬ ಸಿಬ್ಬಂದಿಯ ಒಳ್ಳೆಯತನ. ಒಳ್ಳೆಯವರು ರಜೆಯಲ್ಲಿದ್ದ ದಿನ ಏನು ಗತಿ?

ಹಣ ಸೇರಿದ ಖಾತೆಯ ಕಥೆ ಇನ್ನೂ ಚೆನ್ನಾಗಿದೆ. ಅದು ತಿಂಗಳ ಹಿಂದೆ ತೆರೆದ ಖಾತೆ; ಕೂಲಿ ಕೆಲಸದ ಹುಡುಗನೊಬ್ಬನ ಹೆಸರಿನಲ್ಲಿತ್ತು. ಅಲ್ಲಿಯವರೆಗೆ ಐನೂರು ರೂಪಾಯಿ ಕಾಣದ ಖಾತೆಗೆ ಒಂದೇ ಮಧ್ಯಾಹ್ನ 9 ಲಕ್ಷ ಬಂದು, ಗಳಿಗೆಯೊಳಗೆ ಹರಿದು ಹಂಚಿ ಹೋಯಿತು. ಯಾವ ಯಂತ್ರಕ್ಕೂ ಸಂಶಯ ಬರಲಿಲ್ಲ. ಪೆನ್ಶನ್ ಪಡೆಯುವವರು ಮಾತ್ರ ತಾವು ಬದುಕಿದ್ದೇವೆಂದು ವರ್ಷ ವರ್ಷವೂ ನವೆಂಬರಿನಲ್ಲಿ ರುಜುವಾತು ಕೊಡಬೇಕು! ನಮ್ಮ ಕಾಲದಲ್ಲಿ ಖಾತೆ ತೆರೆಯಲು ಅದೇ ಬ್ಯಾಂಕಿನ ಹಳೆಯ ಗ್ರಾಹಕರ ಪರಿಚಯ ಸಹಿ ಬೇಕಿತ್ತು. ಹೊಸದಾಗಿ ಕೆಲಸಕ್ಕೆ ಸೇರಿದ ಎಷ್ಟೋ ಟೀಚರುಗಳಿಗೆ ನಾನೇ ಸಹಿ ಮಾಡಿದ್ದೇನೆ, ಮಾಡುವ ಮೊದಲು ಎರಡು ಸಲ ಯೋಚಿಸಿದ್ದೇನೆ. ಬಡವರಿಗೆ ಅದರಿಂದ ತೊಂದರೆಯಾಗುತ್ತಿತ್ತು, ಹೋದದ್ದು ಒಳ್ಳೆಯದೇ. ಆದರೆ ಅದರ ಜಾಗದಲ್ಲಿ ಬಂದದ್ದೇನು? ತಿಂಗಳಿಗೆ ಇಷ್ಟು ಖಾತೆ ತೆರೆಯಲೇಬೇಕೆಂಬ ಗುರಿ. ಗುರಿ ಮುಟ್ಟಿಸಲು ಓಡುವ ಏಜೆಂಟನಿಗೆ, ಆ ಖಾತೆಯನ್ನು ಮರುದಿನವೇ ಯಾರೋ ಬಾಡಿಗೆಗೆ ಪಡೆಯುತ್ತಾರೆಂಬುದು ಯಾಕೆ ಬೇಕು? ಇಂಥ ಖಾತೆಗಳಿಗೆ ಇಂಗ್ಲಿಷಿನಲ್ಲಿ ‘ಮ್ಯೂಲ್’ ಎಂದು ಹೆಸರು, ಹೇಸರಗತ್ತೆ. ನಮ್ಮ ಪದವಿಪೂರ್ವ ಕಾಲೇಜಿನ ಹುಡುಗರ ನಡುವೆಯೂ, ‘ನಿನ್ನ ಎಟಿಎಂ ಕಾರ್ಡು ಒಂದು ತಿಂಗಳು ಕೊಡು, ಐದು ಸಾವಿರ ಕೊಡುತ್ತೇನೆ’ ಎನ್ನುವ ದಲ್ಲಾಳಿಗಳು ಸುಳಿದಾಡಿದ್ದುಂಟು. ಹೊರೆ ಹೊರುವ ಕತ್ತೆಗೆ ತನ್ನ ಬೆನ್ನ ಮೇಲೇನಿದೆ ಎಂದು ತಿಳಿದಿರುವುದಿಲ್ಲ. ಪೊಲೀಸರು ಬಂದಾಗ ಮೊದಲು ಸಿಕ್ಕುವುದೂ ಅದೇ.

ಅಂಕಿಯಲ್ಲಿ ಹೇಳುವುದಾದರೆ, ಸೈಬರ್ ವಂಚನೆಗೆ ಸಿಕ್ಕಿ ದೇಶದ ಜನ ಕಳಕೊಂಡದ್ದಾಗಿ ದೂರು ಬಂದ ಮೊತ್ತ 2023ರಲ್ಲಿ ಸುಮಾರು 7,465 ಕೋಟಿ ರೂಪಾಯಿ. 2024ರಲ್ಲಿ ಅದು ಸುಮಾರು 22,845 ಕೋಟಿ. ಸರಕಾರವೇ ಲೋಕಸಭೆಯಲ್ಲಿ ಒಪ್ಪಿಸಿದ ಲೆಕ್ಕ ಇದು. ಒಂದೇ ವರ್ಷದಲ್ಲಿ ಮೂರು ಪಟ್ಟು. ಅದೇ ವರ್ಷ ಜಾಗೃತಿಗೇನೂ ಕಡಿಮೆಯಿರಲಿಲ್ಲ. ಅಕ್ಟೋಬರ್ 27ರ ‘ಮನ್ ಕೀ ಬಾತ್’ನಲ್ಲಿ ಪ್ರಧಾನಿಯವರೇ ಡಿಜಿಟಲ್ ಅರೆಸ್ಟ್ ಬಗ್ಗೆ ಎಚ್ಚರಿಸಿದರು, ನಿಲ್ಲಿ, ಯೋಚಿಸಿ, ಕ್ರಮ ಕೈಗೊಳ್ಳಿ ಎಂದರು. ಆ ಮೇಲೆ ಕೆಲವು ತಿಂಗಳು ಯಾರಿಗೆ ಫೋನು ಮಾಡಿದರೂ, ಕೊರೋನಾ ಕಾಲದ ಕೆಮ್ಮಿನ ಹಾಗೆ, ಮೊದಲು ಸೈಬರ್ ಎಚ್ಚರಿಕೆಯನ್ನು ಕೇಳಿ ಮುಗಿಸಬೇಕಿತ್ತು. ಮೂರು ಸಾವಿರ ಮಕ್ಕಳಿಗಾದರೂ ಪಾಠ ಹೇಳಿದವಳು ನಾನು. ಉಪದೇಶದ ಶಕ್ತಿ ಎಷ್ಟೆಂದು ನನಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಉಪದೇಶವಲ್ಲದ ಇನ್ನೊಂದು ಉದಾಹರಣೆ ನೋಡಿ. ವಿದೇಶದಲ್ಲಿ ಕುಳಿತವನು ಕರೆ ಮಾಡಿದರೂ ನಮ್ಮ ಫೋನಿನಲ್ಲಿ +91ರಿಂದ ಸುರುವಾಗುವ ನಂಬರು ಕಾಣುವಂತೆ ಮಾಡುವ ಒಂದು ಮೋಸವಿದೆ. 2024ರ ಅಕ್ಟೋಬರಿನಲ್ಲಿ ದೂರಸಂಪರ್ಕ ಇಲಾಖೆ ಮತ್ತು ಫೋನು ಕಂಪನಿಗಳು ಸೇರಿ ಇಂಥ ಕರೆಗಳನ್ನು ಬಾಗಿಲಲ್ಲೇ ತಡೆಯುವ ವ್ಯವಸ್ಥೆಯನ್ನು ಚಾಲೂ ಮಾಡಿದುವು. ಮೊದಲ 24 ಗಂಟೆಗಳಲ್ಲಿ ತಡೆದ ಕರೆಗಳು ಸುಮಾರು 1.35 ಕೋಟಿ ಎಂದು ಇಲಾಖೆ ಹೇಳಿತು. ಒಂದು ದಿನಕ್ಕೆ! ಹಾಗಾದರೆ ಹಿಂದಿನ ದಿನದವರೆಗೆ ಆ ಕರೆಗಳೆಲ್ಲ ಎಲ್ಲಿಗೆ ಹೋಗುತ್ತಿದ್ದುವು? ನಮ್ಮ ಮನೆಗಳಿಗೆ. ಆಗ ನಮಗೆ ಹೇಳುತ್ತಿದ್ದುದೇನು? ನಂಬರು ನೋಡಿ ಕರೆ ತೆಗೆಯಿರಿ ಎಂದು. ಸುಳ್ಳು ನಂಬರನ್ನು ತೋರಿಸುವ ಯಂತ್ರ ಅವರದು, ಅದನ್ನು ನೋಡಿ ಸತ್ಯ ಕಂಡುಹಿಡಿಯುವ ಹೊಣೆ ನಮ್ಮದು. ಈ ಒಂದು ಸಂಗತಿಯೇ ಸಾಕು, ಸರಕಾರ ಮತ್ತು ಕಂಪನಿ ನಿಜವಾಗಿ ಸೇರಿ ದುಡಿದರೆ ಏನಾಗಬಲ್ಲದು ಎಂದು ತೋರಿಸಲಿಕ್ಕೆ.

1930 ಎಂಬ ಸಹಾಯವಾಣಿಯೂ ಇಂಥದೇ ಒಳ್ಳೆಯ ಕೆಲಸ. 2021ರಲ್ಲಿ 155260 ಎಂಬ ನಂಬರಿನಿಂದ ಆರಂಭವಾಗಿ ಮುಂದೆ 1930 ಆಯಿತು. ನಾವು ದೂರು ಕೊಟ್ಟ ಕೂಡಲೇ ಹಣ ಹೋದ ಬ್ಯಾಂಕಿಗೆ ಚೀಟಿ ಮುಟ್ಟುತ್ತದೆ. ಹಣ ಅಲ್ಲಿಯೇ ಇದ್ದರೆ ತಡೆಹಿಡಿಯುತ್ತಾರೆ, ಮುಂದಿನ ಬ್ಯಾಂಕಿಗೆ ದಾಟಿದ್ದರೆ ಚೀಟಿಯೂ ದಾಟುತ್ತದೆ. ಒಂದು ಬಗೆಯ ಓಟದ ಸ್ಪರ್ಧೆ ಎನ್ನಿ. ಮೊದಲ ಒಂದೆರಡು ಗಂಟೆಗಳಲ್ಲಿ ಹೇಳಿದವರ ಹಣ ಉಳಿಯುವ ಸಂಭವ ಹೆಚ್ಚು. 2025ರ ಮಧ್ಯದ ವೇಳೆಗೆ ಈ ವ್ಯವಸ್ಥೆಯಿಂದ ಒಟ್ಟು 5,400 ಕೋಟಿ ರೂಪಾಯಿಗೂ ಮಿಕ್ಕಿ ಉಳಿದಿತ್ತು. ಸಣ್ಣ ಮೊತ್ತವಲ್ಲ. ಆದರೆ ಅದು ನಾಲ್ಕು ವರ್ಷಗಳ ಉಳಿತಾಯ, 22,845 ಕೋಟಿ ಒಂದು ವರ್ಷದ ನಷ್ಟ. 2024ರ ಸೆಪ್ಟೆಂಬರಿನಲ್ಲಿ ಬ್ಯಾಂಕು, ಫೋನು ಕಂಪನಿ, ಪೊಲೀಸರ ಪ್ರತಿನಿಧಿಗಳು ಒಂದೇ ಸೂರಿನಡಿ ಕುಳಿತು ಕೆಲಸ ಮಾಡುವ ಕೇಂದ್ರವೂ ದೆಹಲಿಯಲ್ಲಿ ಆರಂಭವಾಯಿತು. ಬೇಕಾದದ್ದು ಇದೇ. ನಮ್ಮ ಹಿಂದಿ ಟೀಚರು 1930ಕ್ಕೆ ಹೇಳಿದ್ದು ಐದು ದಿನಗಳ ಮೇಲೆ, ಮಗಳು ಊರಿಗೆ ಬಂದ ನಂತರ. ಎಲ್ಲೆಲ್ಲಿಯೋ ಸೇರಿ 62 ಸಾವಿರ ತಡೆಹಿಡಿದರು. ಐದು ದಿನ ಯಾಕೆ ಸುಮ್ಮನಿದ್ದರು ಎಂದರೆ, ನಾಚಿಕೆ. ಬಯ್ಯುವ ಸಮಾಜದಲ್ಲಿ ಯಾರೂ ಬೇಗ ದೂರು ಕೊಡುವುದಿಲ್ಲ. ಕಳ್ಳನಿಗೆ ನಾವು ದಾನ ಮಾಡುವ ಅಮೂಲ್ಯ ಗಂಟೆಗಳು ಅವು.

ಗಂಟೆಗಳ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಕಂಪ್ಯೂಟರ್ ದಾಳಿಗಳನ್ನು ನೋಡಿಕೊಳ್ಳುವ ಸರಕಾರಿ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಒಂದು ಆದೇಶ ಹೊರಡಿಸಿತು. ಯಾವ ಕಂಪನಿಯ ಮೇಲೆ ದಾಳಿಯಾದರೂ ಗೊತ್ತಾದ 6 ಗಂಟೆಗಳೊಳಗೆ ತಿಳಿಸಬೇಕು ಎಂದು. ದೇಶವಿದೇಶಗಳ ಕಂಪನಿ ಸಂಘಗಳು ಇದು ತೀರಾ ಕಡಿಮೆ, 72 ಗಂಟೆ ಕೊಡಿ ಎಂದು ಪತ್ರ ಬರೆದುವು. ಸಾವಿರಾರು ಎಂಜಿನಿಯರುಗಳು, ವಕೀಲರು, ರಾತ್ರಿಪಾಳಿಯ ಕಾವಲುಗಾರರೆಲ್ಲ ಇರುವ ಕಂಪನಿಗೆ ಮೂರು ದಿನ ಬೇಕು. ಕೈಕಾಲು ನಡುಗುತ್ತಿರುವ ವಿಧವೆಗೆ ಒಂದು ಗಂಟೆ. ಆದೇಶದ ಬೇರೆ ಕೆಲವು ಅಂಶಗಳ ಬಗ್ಗೆ ಕಂಪನಿಗಳು ಎತ್ತಿದ ಆಕ್ಷೇಪದಲ್ಲಿ ಹುರುಳಿತ್ತು. ಈ ಒಂದರಲ್ಲಿ ಮಾತ್ರ ನನಗೆ ಕನಿಕರ ಹುಟ್ಟಲಿಲ್ಲ. ನಮ್ಮ ವಿವರ ಸೋರಿಹೋದರೆ ನಮಗೇ ತಿಳಿಸಬೇಕೆಂಬ ಕಾಯ್ದೆ 2023ರಲ್ಲಿ ಆಯಿತು. ಅದರ ನಿಯಮಗಳು ಪ್ರಕಟವಾದದ್ದು 2025ರ ನವೆಂಬರಿನಲ್ಲಿ. ಮುಖ್ಯ ಹೊಣೆಗಳಿಗೆ ಸಿದ್ಧರಾಗಲು ಮತ್ತೆ 18 ತಿಂಗಳ ಅವಕಾಶ. ಪಾರ್ಸೆಲ್ಲಿನ ಕಳ್ಳನಿಗೆ ನಮ್ಮ ಟೀಚರ ಆಧಾರ್ ನಂಬರು, ಮಗಳ ಹೆಸರು, ಠೇವಣಿಯ ಅಂದಾಜು ಎಲ್ಲ ಮೊದಲೇ ಗೊತ್ತಿತ್ತು. ಯಾರ ಮನೆಯಿಂದ ಸೋರಿತೆಂದು ಇವತ್ತಿಗೂ ಯಾರೂ ಹೇಳಿಲ್ಲ.

ಹಾಗಾದರೆ ನಷ್ಟ ಯಾರು ತುಂಬಬೇಕು? ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯೊಂದಿದೆ. ನಮ್ಮದಲ್ಲದ ತಪ್ಪಿನಿಂದ ಹಣ ಹೋಗಿ, ಬ್ಯಾಂಕಿನಿಂದ ಸುದ್ದಿ ಬಂದ ಮೂರು ಕೆಲಸದ ದಿನಗಳೊಳಗೆ ದೂರು ಕೊಟ್ಟರೆ ಪೂರ್ತಿ ಹೊಣೆಯಿಂದ ಗ್ರಾಹಕ ಮುಕ್ತ ಎಂದಿತು ಅದು. ಒಳ್ಳೆಯ ಸುತ್ತೋಲೆ, ನಮ್ಮಲ್ಲಿ ಎಷ್ಟೋ ಜನಕ್ಕೆ ಅದು ಇದೆಯೆಂದೇ ಗೊತ್ತಿಲ್ಲ. ಆದರೆ ಗುಪ್ತ ಸಂಖ್ಯೆಯನ್ನು ನಾವೇ ಹೇಳಿದ್ದರೆ, ದೂರು ಕೊಡುವವರೆಗಿನ ನಷ್ಟ ನಮ್ಮದೇ. ಮೋಸಕ್ಕೆ ಸಿಕ್ಕಿ ನಾವೇ ಕಳಿಸಿದ ಹಣಕ್ಕಂತೂ ಅದರಲ್ಲಿ ಆಸರೆಯಿಲ್ಲ. ಇಂದಿನ ಕಳ್ಳರು ಬೀಗ ಒಡೆಯುವುದಿಲ್ಲ, ನಮ್ಮ ಕೈಯಿಂದಲೇ ತೆಗೆಸುತ್ತಾರೆ.

ಇಂಗ್ಲೆಂಡಿನವರಿಗೂ ಇದೇ ಸಮಸ್ಯೆ ಬಂತು. 2019ರಲ್ಲಿ ಅಲ್ಲಿನ ಬ್ಯಾಂಕುಗಳು ಸ್ವಯಂಪ್ರೇರಿತವಾಗಿ ಒಂದು ಒಡಂಬಡಿಕೆ ಮಾಡಿಕೊಂಡುವು, ಮೋಸಹೋದವರಿಗೆ ಹಣ ತುಂಬಿಕೊಡುವುದೆಂದು. ಒಂದು ಬ್ಯಾಂಕು ಕೊಟ್ಟಿತು, ಇನ್ನೊಂದು ಕೊಡಲಿಲ್ಲ. ಕೈಜೋಡಿಸುವುದರ ಹಣೆಬರಹವೇ ಅಷ್ಟು. ಕೊನೆಗೆ 2024ರ ಅಕ್ಟೋಬರ್ 7ರಿಂದ ಅದನ್ನು ಕಡ್ಡಾಯ ಮಾಡಿದರು. ಮೋಸಕ್ಕೆ ಸಿಕ್ಕಿ ತಾನೇ ಕಳಿಸಿದ ಹಣವಾದರೂ 85,000 ಪೌಂಡಿನವರೆಗೆ ತುಂಬಿಕೊಡಬೇಕು. ಅದರಲ್ಲಿ ಅರ್ಧ ಹಣ ಕಳಿಸಿದ ಬ್ಯಾಂಕಿನದು, ಅರ್ಧ ಹಣ ಪಡೆದ ಬ್ಯಾಂಕಿನದು. ಎರಡನೆಯ ಅರ್ಧವನ್ನು ಗಮನಿಸಿ. ಹೇಸರಗತ್ತೆಯ ಖಾತೆ ತೆರೆದುಕೊಟ್ಟ ಬ್ಯಾಂಕಿಗೂ ಬಿಸಿ ಮುಟ್ಟುತ್ತದೆ. ಸಿಂಗಾಪುರದಲ್ಲಿ 2024ರ ಡಿಸೆಂಬರ್ 16ರಿಂದ ಬೇರೊಂದು ಕ್ರಮ. ನಕಲಿ ಸಂದೇಶ, ನಕಲಿ ತಾಣಗಳ ಮೋಸದಲ್ಲಿ ಬ್ಯಾಂಕು ತನ್ನ ಕರ್ತವ್ಯ ಮಾಡಿತ್ತೇ ಎಂದು ಮೊದಲು ನೋಡುತ್ತಾರೆ. ಇಲ್ಲವಾದರೆ ಅದು ತೆರಬೇಕು. ಮಾಡಿತ್ತೆಂದಾದರೆ ಫೋನು ಕಂಪನಿಯ ಸರದಿ. ಇಬ್ಬರೂ ಸರಿಯಾಗಿದ್ದರೆ ಮಾತ್ರ ನಷ್ಟ ಗ್ರಾಹಕನ ಮೇಲೆ. ನಮ್ಮ ಟೀಚರಂತೆ ತಾವೇ ಕಳಿಸಿದವರಿಗೆ ಅಲ್ಲಿ ಪರಿಹಾರವಿಲ್ಲ, ಆ ಮಟ್ಟಿಗೆ ಇಂಗ್ಲೆಂಡಿನದೇ ಮೇಲು. ಆದರೆ ವಿಚಾರಣೆಯ ಸಾಲಿನಲ್ಲಿ ಕಳಕೊಂಡವಳನ್ನು ಕೊನೆಗೆ ನಿಲ್ಲಿಸಿದರಲ್ಲ, ಅದು ನನಗೆ ಹಿಡಿಸಿತು.

ಬ್ಯಾಂಕು ಕೊಡುತ್ತದೆಂದಾದರೆ ಜನ ಬೇಜವಾಬ್ದಾರರಾಗುತ್ತಾರೆ, ಕಳ್ಳನೊಂದಿಗೆ ಸೇರಿ ನಾಟಕ ಆಡುತ್ತಾರೆ ಎನ್ನುತ್ತಾರೆ. ಈ ಮಾತನ್ನು ನನಗೆ ಹೇಳಿದವರು ಒಬ್ಬ ವಿದ್ಯಾವಂತ ಮಹನೀಯರು, ಅವರ ಕಾರಿಗೆ ವಿಮೆಯಿದೆ. ವಿಮೆಯಿದೆಯೆಂದು ಅವರು ಕಾರನ್ನು ಕಂಬಕ್ಕೆ ಹೊಡೆಯುವುದಿಲ್ಲವಷ್ಟೆ? ಇಂಗ್ಲೆಂಡಿನವರು ಇದಕ್ಕೂ ದಾರಿ ಕಂಡಿದ್ದಾರೆ. ತೀರ ಘೋರ ನಿರ್ಲಕ್ಷ್ಯ ಮಾಡಿದವರಿಗೆ, ತಾವೇ ಮೋಸದಲ್ಲಿ ಪಾಲುದಾರರಾದವರಿಗೆ ಕೊಡಬೇಕಾಗಿಲ್ಲ. ಇನ್ನು ಬ್ಯಾಂಕಿಗೆ ಹೊರೆಯಾಗುತ್ತದೆ ಎನ್ನುವವರಿಗೆ ನನ್ನ ಉತ್ತರ, ಆಗಲಿ. ಹೊರೆಯಾದರೆ ತಾನೇ ಬಾಗಿಲು ಭದ್ರ ಮಾಡುವುದು? ಬಾಡಿಗೆ ಖಾತೆಗಳನ್ನು ಗುರುತಿಸುವ ‘ಮ್ಯೂಲ್ ಹಂಟರ್’ ಎಂಬ ಯಂತ್ರಬುದ್ಧಿಯ ಸಾಧನವನ್ನು ಸಿದ್ಧಮಾಡಿದ್ದು ನಮ್ಮ ಬೆಂಗಳೂರಿನಲ್ಲೇ ಇರುವ ರಿಸರ್ವ್ ಬ್ಯಾಂಕಿನ ಅಂಗಸಂಸ್ಥೆ. ಸಾಧನ ಇದೆ. ಅಂಬಾಲಾದ ವೃದ್ಧ ದಂಪತಿಯ ಪ್ರಕರಣದಿಂದ ತಾನಾಗಿಯೇ ವಿಷಯವನ್ನು ಕೈಗೆತ್ತಿಕೊಂಡ ಸುಪ್ರೀಂ ಕೋರ್ಟು 2025ರ ಡಿಸೆಂಬರ್ 1ರಂದು ಡಿಜಿಟಲ್ ಅರೆಸ್ಟ್ ಪ್ರಕರಣಗಳ ತನಿಖೆಯನ್ನು ಸಿಬಿಐಗೆ ಒಪ್ಪಿಸುವಾಗ, ಇಂಥ ಖಾತೆಗಳನ್ನು ಹಿಡಿಯಲು ಯಂತ್ರಬುದ್ಧಿಯನ್ನು ಯಾಕೆ ಬಳಸಬಾರದೆಂದು ರಿಸರ್ವ್ ಬ್ಯಾಂಕನ್ನೇ ಕೇಳಿತು. ನಾವು ಕೇಳಿದರೆ ಹೆಂಗಸರ ಹರಟೆ ಆಗುತ್ತಿತ್ತು.

ಒಂದು ಎಚ್ಚರಿಕೆ ನನ್ನ ಕಡೆಯಿಂದಲೂ ಇರಲಿ. ಭದ್ರತೆಯ ಹೆಸರಿನಲ್ಲಿ ಸರಕಾರವೂ ಕಂಪನಿಯೂ ಸೇರಿ ನಮ್ಮ ಮನೆಯೊಳಗೇ ಬಂದು ಕುಳಿತುಕೊಳ್ಳುವ ಸಹಕಾರ ನಮಗೆ ಬೇಡ. 2025ರ ನವೆಂಬರ್ ಕೊನೆಯಲ್ಲಿ, ಹೊಸ ಫೋನುಗಳಲ್ಲೆಲ್ಲ ‘ಸಂಚಾರ್ ಸಾಥಿ’ ಆ್ಯಪನ್ನು ಕಂಪನಿಗಳೇ ಹಾಕಿ ಕೊಡಬೇಕು ಎಂಬ ಆದೇಶ ಹೊರಟಿತು. ಗದ್ದಲವಾಗಿ ಡಿಸೆಂಬರ್ 3ರಂದು ಹಿಂತೆಗೆದುಕೊಂಡರು. ಆ ಆ್ಯಪು ಕೆಟ್ಟದ್ದೆಂದು ನಾನು ಹೇಳುವುದಿಲ್ಲ, ನಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಎಂದು ನೋಡಲು ನಾನೂ ಅದೇ ಸೇವೆಯನ್ನು ಬಳಸಿದ್ದೇನೆ. ಆದರೆ ಕಳ್ಳನ ಖಾತೆ ತೆರೆದವನನ್ನು ಪ್ರಶ್ನಿಸುವುದಕ್ಕಿಂತ ನನ್ನ ಕೈಯ ಫೋನಿಗೆ ಕೈಹಾಕುವುದು ಸುಲಭವೆಂದು ಯಾರಿಗೆ ಯಾಕೆ ಅನ್ನಿಸಿತು ಎಂಬುದು ನನ್ನ ಪ್ರಶ್ನೆ.

ನಮ್ಮ ಮಹಿಳಾ ಮಂಡಳಿಯವರು ಈ ಬಗ್ಗೆ ಸುಮ್ಮನೆ ಕೂರಲಿಲ್ಲ. ಊರಿನ ಬ್ಯಾಂಕಿನ ಶಾಖೆಯೊಂದಕ್ಕೆ ಮೂವತ್ತೊಂದು ಜನ ಸಹಿ ಮಾಡಿ ಪತ್ರ ಬರೆದೆವು. ಹಿರಿಯರು ದೊಡ್ಡ ಠೇವಣಿ ಮುರಿಸಲು ಬಂದಾಗ ಪಕ್ಕಕ್ಕೆ ಕರೆದು ಒಂದು ಮಾತು ಕೇಳುವ ಕ್ರಮ ನಿಮ್ಮಲ್ಲಿದೆಯೇ? ಹೊಸ ವ್ಯಕ್ತಿಗೆ ಮೊದಲ ಸಲ ಹೋಗುವ ದೊಡ್ಡ ಮೊತ್ತವನ್ನು ಕೆಲವು ಗಂಟೆ ತಡೆದಿಡಲು ನಾವೇ ಕೇಳಿಕೊಂಡರೆ ಮಾಡುತ್ತೀರಾ? ಬ್ಯಾಂಕಿನಿಂದ ಬರುವ ಎಚ್ಚರಿಕೆಯ ಸಂದೇಶಗಳು ಕನ್ನಡದಲ್ಲಿ ಯಾಕಿಲ್ಲ? ಮೂರೇ ಪ್ರಶ್ನೆ. ಮೂವತ್ತು ದಿನಗಳಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಬರೆಯುತ್ತೇವೆ ಎಂದೂ ಸೇರಿಸಿದೆವು. ಅದಕ್ಕೆ ವಕೀಲರೂ ಬೇಡ, ಶುಲ್ಕವೂ ಇಲ್ಲ.

ಇಪ್ಪತ್ತೆಂಟನೆಯ ದಿನ ಲಕೋಟೆ ಬಂತು. ಒಳಗೆ ಬಣ್ಣದ ಕರಪತ್ರವೊಂದಿತ್ತು. ಒಟಿಪಿಯನ್ನು ಯಾರಿಗೂ ಹೇಳಬಾರದು, ಎಚ್ಚರವಾಗಿರಬೇಕು ಎಂದು ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿದ್ದರು. ಎರಡನೆಯ ಪತ್ರ ಕಳೆದ ವಾರ ಅಂಚೆಯಲ್ಲಿ ಹೋಗಿದೆ. ಈ ಸಲ ಸಹಿಗಳು ಐವತ್ತನಾಲ್ಕು. ಹಿಂದಿ ಟೀಚರದೂ ಇದೆ.